ಬೆಸುಗೆಯ ಒಳಬದಿ

ಹೈದರಾಬಾದಿನ ಬಾಲಾನಗರ, ಜೀಡಿಮೆಟ್ಲದ ಶೆಡ್ಡುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವವರನ್ನು ಬೆಳೆಸಿದ್ದು ಔಷಧ ಉದ್ಯಮ. 1961ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಐಡಿಪಿಎಲ್ ಬಾಲಾನಗರದಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿ ದುಡಿದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು. ಇಂಥ ಕಂಪನಿಗಳಿಗೆ ರಿಯಾಕ್ಟರು, ಟ್ಯಾಂಕು, ಪೈಪು ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳು ಸುತ್ತಮುತ್ತ ಎದ್ದವು. ಆರ್ಗಾನ್ ವೆಲ್ಡಿಂಗ್, ಬಫಿಂಗ್, ಪೈಪು ಜೋಡಿಸುವ ಟಿಸಿ ಕ್ಲ್ಯಾಂಪ್ ಎಂಬ ಮಾತು ಇಲ್ಲಿನ ಚಹಾ ಅಂಗಡಿಯಲ್ಲೂ ಕಿವಿಗೆ ಬೀಳುತ್ತದೆ. 2015ರಲ್ಲಿ ತೆಲಂಗಾಣ ಸರ್ಕಾರ ಮೈಕ್ರೋಬ್ರೂವರಿಗಳಿಗೆ ನಿಯಮ ಮಾಡಿದ ಮೇಲೆ ಬಿಯರ್ ತಯಾರಕರೂ ಇದೇ ಬಾಗಿಲುಗಳನ್ನು ತಟ್ಟತೊಡಗಿದರು. ರಾಯಚೂರಿನಿಂದ ಬಂದು ಫ್ಯಾಬ್ರಿಕೇಶನ್ ಕೆಲಸದಲ್ಲಿ ನೆಲೆನಿಂತ ನನಗೆ ಹುದುಗಿನ ಪಾತ್ರೆಗಳ ನಂಟು ಬೆಳೆದದ್ದು ಹಾಗೆ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ತೆಲಂಗಾಣದ 1968ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಬಿಯರಿಗೆ ದಾರಿ ಬಿಟ್ಟಿತು. ಅಡುಗೆಮನೆಯ ಪಾತ್ರೆಯನ್ನು ಕೊರೆದು, ನಲ್ಲಿ ಕೂರಿಸಿ ಬ್ರೂವರಿ ಮಾಡಿಕೊಳ್ಳುವ ಕೈಚಳಕ ಅಲ್ಲಿನ ಹವ್ಯಾಸಿಗಳಲ್ಲಿ ಬಲಿಯಿತು. ಅದೇ ಅಳತೆಯ ಪಾತ್ರೆ ಇಲ್ಲಿ ಬೇಕಾಗುವುದು ಪರವಾನಗಿ ಇರುವ ಬ್ರೂವರಿಗೆ. ಹೊಸ ರುಚಿಯೊಂದನ್ನು ದೊಡ್ಡ ಟ್ಯಾಂಕಿಗೆ ಹಾಕುವ ಮೊದಲು ಇಪ್ಪತ್ತು, ನಲವತ್ತು ಲೀಟರಿನಲ್ಲಿ ಪರೀಕ್ಷಿಸಿ ನೋಡುವುದಕ್ಕೆ. ಚಹಾ ಹುದುಗಿಸಿ ಕೊಂಬುಚಾ ಮಾಡುವವರೂ ಇಂಥದ್ದನ್ನೇ ಕೇಳಿಕೊಂಡು ಬರುತ್ತಾರೆ.

ಬೇಗಂ ಬಜಾರಿನ ಪಾತ್ರೆ ಅಂಗಡಿಗಳಲ್ಲಿ 202 ಮತ್ತು 304 ಎರಡೂ ಒಂದೇ ಥರ ಹೊಳೆಯುತ್ತವೆ. ಆಯಸ್ಕಾಂತ ಹಿಡಿದು ನೋಡುವವರಿದ್ದಾರೆ, ಅದರಿಂದ ಏನೂ ತಿಳಿಯದು. ಎರಡಕ್ಕೂ ಅದು ಗಟ್ಟಿಯಾಗಿ ಅಂಟುವುದಿಲ್ಲ. 304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. 202ರಲ್ಲಿ ದುಬಾರಿ ನಿಕ್ಕಲ್ ಇಳಿಸಿ ಮ್ಯಾಂಗನೀಸ್ ಏರಿಸಿರುತ್ತಾರೆ. ಗುಜರಿ ವ್ಯಾಪಾರಿಗಳ ಹತ್ತಿರ ಇದಕ್ಕೊಂದು ಪರೀಕ್ಷೆಯ ದ್ರಾವಣ ಸಿಗುತ್ತದೆ. ಒಂದು ಹನಿ ಹಾಕಿ ಸಣ್ಣ ಬ್ಯಾಟರಿ ತಾಗಿಸಿದರೆ, ಮ್ಯಾಂಗನೀಸ್ ಹೆಚ್ಚಿರುವ ಸ್ಟೀಲಿನ ಮೇಲೆ ಕೆಂಪು ಬಣ್ಣ ಏಳುತ್ತದೆ. ಬಿಯರಿನ ಪಿಎಚ್ ನಾಲ್ಕರ ಆಸುಪಾಸು, ಕೊಂಬುಚಾದ್ದು ಮೂರರ ಹತ್ತಿರ. ವಾರಗಟ್ಟಲೆ ಹುಳಿ ಹಿಡಿದಿಡುವ ಪಾತ್ರೆ 304ಕ್ಕಿಂತ ಕಡಿಮೆ ದರ್ಜೆಯದ್ದಾಗಬಾರದು. ನನ್ನ ಮಟ್ಟಿಗೆ ಒಳ್ಳೆಯ ಆಯ್ಕೆ ಡೈರಿಯವರ 40 ಲೀಟರ್ ಹಾಲಿನ ಕ್ಯಾನು. ತಗಡು ದಪ್ಪ, ಮೂಲೆಗಳೆಲ್ಲ ದುಂಡು. ಬಾಯಿ ಮಾತ್ರ ಅಗಲವಿರಬೇಕು, ಕೈ ತಳ ಮುಟ್ಟಬೇಕು.

ಕೆಲಸ ಕೆಡುವುದು ಬೆಸುಗೆಯಲ್ಲಿ, ಅದೂ ಕಣ್ಣಿಗೆ ಬೀಳದ ಬದಿಯಲ್ಲಿ.

ನಲ್ಲಿ ಕೂರಿಸುವ ಗಿಡ್ಡ ಕೊಳವೆಯಾದ ಫೆರೂಲನ್ನು ಪಾತ್ರೆಯ ಒಡಲಿಗೆ ಬೆಸೆಯುವಾಗ ಟಾರ್ಚಿನ ಆರ್ಗಾನ್ ಹೊರಬದಿಯನ್ನಷ್ಟೇ ಕಾಯುತ್ತದೆ. ಒಳಬದಿಯಲ್ಲಿ ಕರಗಿದ ಲೋಹಕ್ಕೆ ಗಾಳಿಯ ಆಮ್ಲಜನಕ ತಾಗಿದರೆ ಅದು ಸೀದ ಸಕ್ಕರೆಪಾಕದಂತೆ ಕಪ್ಪಗೆ, ಒರಟಾಗಿ ಉಬ್ಬುತ್ತದೆ. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಮೇಲ್ಮೈಯ ತೆಳು ಕ್ರೋಮಿಯಂ ಆಕ್ಸೈಡ್ ಪದರ; ಸುಟ್ಟ ಜಾಗದಲ್ಲಿ ಆ ರಕ್ಷಣೆ ಹೋಗಿರುತ್ತದೆ. ಬಿಯರನ್ನು ಹುಳಿ ಮಾಡುವ ಲ್ಯಾಕ್ಟೋಬ್ಯಾಸಿಲಸ್ ಒಂದು ಮೈಕ್ರಾನಿನಷ್ಟು ದಪ್ಪದ ಜೀವಿ. ಆಹಾರದ ಪಾತ್ರೆಗಳಿಗೆ ಒಪ್ಪಿತವಾದ ನುಣುಪು 0.8 ಮೈಕ್ರಾನ್. ಸುಟ್ಟ ಬೆಸುಗೆಯ ಗುಂಡಿಗಳು ಅದಕ್ಕಿಂತ ಎಷ್ಟೋ ದೊಡ್ಡವು. ಒಮ್ಮೆ ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡರೆ ಬ್ರಷ್ಷೂ ತಲುಪದು, ಸ್ಯಾನಿಟೈಸರೂ ತಲುಪದು. ಪ್ರತಿ ಸಲವೂ ಬಿಯರ್ ಹುಳಿಯಾಗುತ್ತದೆ, ತಯಾರಕರು ಯೀಸ್ಟನ್ನು ದೂರುತ್ತಾರೆ.

ಪರಿಹಾರ ಔಷಧ ಕಾರ್ಖಾನೆಯ ಪೈಪಿನ ಕೆಲಸದಲ್ಲೇ ಇದೆ. ಪಾತ್ರೆಯ ಬಾಯಿಗೆ ಫಾಯಿಲ್ ಕಟ್ಟಿ, ತಳದಿಂದ ಎರಡನೆಯ ಆರ್ಗಾನ್ ಕೊಳವೆ ಬಿಡಬೇಕು. ಆರ್ಗಾನ್ ಗಾಳಿಗಿಂತ ಭಾರ, ಕೆಳಗಿನಿಂದ ತುಂಬುತ್ತ ಗಾಳಿಯನ್ನು ಮೇಲಿನ ತೂತಿನಿಂದ ಹೊರದಬ್ಬುತ್ತದೆ. ಗಾಳಿ ಪೂರ್ತಿ ಹೋಗುವವರೆಗೆ ಕಾಯುವ ತಾಳ್ಮೆ ಬೇಕು, ಅನಿಲದ ಖರ್ಚೂ ಇದೆ. ಬೆಸೆದ ಮೇಲೆ ಬಣ್ಣ ಬದಲಾದ ಭಾಗವನ್ನು ಬಫ್ ಮಾಡಿ, ಬಿಸಿ ಸಿಟ್ರಿಕ್ ಆಮ್ಲದಲ್ಲಿ ನೆನೆಸಿದರೆ ರಕ್ಷಾಪದರ ಮತ್ತೆ ಕೂಡಿಕೊಳ್ಳುತ್ತದೆ. ಪಿಕ್ಲಿಂಗ್ ಪೇಸ್ಟ್ ಬೇಗ ಕೆಲಸ ಮಾಡುತ್ತದೆ, ಆದರೆ ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ತರಬೇತಿ ಇಲ್ಲದವರು ಅದನ್ನು ಮುಟ್ಟಲೇಬಾರದು. ನನಗೆ ಈ ಕೆಲಸ ಕಲಿಸಿದ ಉಸ್ತಾದರು ಗಿರಾಕಿಗೆ ಪಾತ್ರೆ ಒಪ್ಪಿಸುವಾಗ, “ಹೊರಗೆ ಆಮೇಲೆ ನೋಡಿ ಸಾಬ್, ಮೊದಲು ಒಳಗೆ ಬೆರಳಾಡಿಸಿ” ಎನ್ನುತ್ತಿದ್ದರು. ಬೆರಳಿಗೆ ತಡೆದರೆ ಮತ್ತೆ ಬಫಿಂಗ್.

ನಲ್ಲಿಯ ವಿಷಯದಲ್ಲೂ ಇದೇ ಕಥೆ. ರಾಣಿಗಂಜಿನಲ್ಲಿ ಅಗ್ಗಕ್ಕೆ ಸಿಗುವ ಬಾಲ್ ವಾಲ್ವಿನ ಗುಂಡಿನ ಸುತ್ತ ಸಣ್ಣ ಪೊಳ್ಳು ಇರುತ್ತದೆ. ವಾಲ್ವ್ ಮುಚ್ಚಿದಾಗ ಒಂದಿಷ್ಟು ರಸ ಅಲ್ಲೇ ಸಿಕ್ಕಿಕೊಂಡು ಕೊಳೆಯುತ್ತದೆ. ತಿರುಪಿನ ಜೋಡಣೆಯ ಸಂದುಗಳೂ ಹಾಗೆಯೇ. ಒಂದೂವರೆ ಇಂಚಿನ ಟಿಸಿ ಫೆರೂಲಿಗೆ ಬಟರ್‌ಫ್ಲೈ ವಾಲ್ವ್ ಕೂರಿಸಿದರೆ ಕ್ಲ್ಯಾಂಪ್ ಸಡಿಲಿಸಿ, ಗ್ಯಾಸ್ಕೆಟ್ ಸಮೇತ ಬಿಚ್ಚಿ ತೊಳೆಯಬಹುದು. ತೊಳೆಯುವುದಕ್ಕೆ ಕ್ಲೋರಿನ್ ಬ್ಲೀಚ್ ಬೇಡ, ಕ್ಲೋರೈಡ್ ಸ್ಟೀಲಿನಲ್ಲಿ ಸೂಜಿಮೊನೆಯಂಥ ತೂತು ಕೊರೆಯುತ್ತದೆ.

ಜೀವಕ್ಕೇ ಅಪಾಯ ತರುವುದು ಮುಚ್ಚಳ. ಇಪ್ಪತ್ತು ಲೀಟರ್ ಸಾಮಾನ್ಯ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಅದು ಹೊರಹೋಗುವ ಕೊಳವೆಗೆ ನೊರೆ ಕಟ್ಟಿಕೊಂಡರೆ ಒತ್ತಡ ಏರತೊಡಗುತ್ತದೆ. 30 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಬರೀ ಒಂದು ಬಾರ್ ಒತ್ತಡ ಎಂದರೆ ಏಳು ನೂರು ಕಿಲೋ ಭಾರದಷ್ಟು ನೂಕು. ಹಾಲಿನ ಕ್ಯಾನು ಅದಕ್ಕಾಗಿ ಮಾಡಿದ್ದಲ್ಲ. ಹಾಗಾಗಿ ಅಗಲ ಕೊಳವೆ, ಅದರ ಜತೆ ಕಡಿಮೆ ಒತ್ತಡಕ್ಕೇ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್, ಎರಡೂ ಇರಲೇಬೇಕು. ಇದಕ್ಕೆ ತದ್ವಿರುದ್ಧದ ಅಪಾಯ ಹಲವರಿಗೆ ಹೊಳೆಯುವುದೇ ಇಲ್ಲ. ಖಾಲಿ ಮಾಡಿದ ಪಾತ್ರೆಯಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದಿರುವಾಗಲೇ ಕಾಸ್ಟಿಕ್ ಸೋಡಾ ದ್ರಾವಣ ಬಿಟ್ಟು ಮುಚ್ಚಿದರೆ, ಸೋಡಾ ಆ ಅನಿಲವನ್ನು ಹೀರಿಕೊಂಡು ಒಳಗೆ ನಿರ್ವಾತ ಉಂಟಾಗುತ್ತದೆ. ಕುದಿನೀರು ಸುರಿದು ಬಿಗಿಯಾಗಿ ಮುಚ್ಚಿ ಆರಲು ಬಿಟ್ಟರೂ ಅಷ್ಟೇ. ಒಂದು ಮಿಲಿಮೀಟರ್ ತಗಡು ಒಳಕ್ಕೆ ಕುಸಿಯುತ್ತದೆ. ದೊಡ್ಡ ಬ್ರೂವರಿಗಳ ಟ್ಯಾಂಕುಗಳಿಗೆ ನಿರ್ವಾತ ತಡೆಯುವ ವಾಲ್ವ್ ಹಾಕುವುದು ಇದೇ ಕಾರಣಕ್ಕೆ. ಸಣ್ಣ ಪಾತ್ರೆಗಾದರೆ ತೊಳೆಯುವಾಗ ಬಾಯಿ ತೆರೆದಿಟ್ಟರೆ ಸಾಕು.

ಇನ್ನು ಹೈದರಾಬಾದಿನ ಸೆಕೆ. ಏಲ್ ಬಗೆಯ ಬಿಯರಿಗೆ 18ರಿಂದ 22 ಡಿಗ್ರಿ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ಹುದುಗುವಿಕೆಯೇ ಶಾಖ ಹುಟ್ಟಿಸುವುದರಿಂದ ಪಾತ್ರೆಯ ಒಳಗು ಕೋಣೆಗಿಂತ ಇನ್ನೂ ಕೆಲವು ಡಿಗ್ರಿ ಬಿಸಿ. ಗೋಧಿ ಬಿಯರಿನಲ್ಲಿ ಹಿತವಾಗಿರಬೇಕಾದ ಬಾಳೆಹಣ್ಣಿನ ವಾಸನೆ ಸೆಕೆಯಲ್ಲಿ ಅತಿಯಾಗುತ್ತದೆ. ಹೊರಗಡೆ ತಾಮ್ರದ ಕೊಳವೆ ಸುತ್ತಿ ತಣ್ಣೀರು ಹರಿಸುವುದು ಸುಲಭ ಅನಿಸುತ್ತದೆ, ಆದರೆ ದುಂಡು ಕೊಳವೆ ದುಂಡು ಒಡಲಿಗೆ ತಾಗುವುದು ಒಂದು ಗೆರೆಯಷ್ಟೇ. ಮುಚ್ಚಳದಿಂದ ಇಳಿಬಿಟ್ಟ ಸ್ಟೀಲ್ ಸುರುಳಿ ರಸದಲ್ಲೇ ಮುಳುಗಿರುತ್ತದೆ, ಐಸ್‌ಬಾಕ್ಸಿನ ನೀರನ್ನು ಅಕ್ವೇರಿಯಂ ಪಂಪಿನಿಂದ ಅದರಲ್ಲಿ ಹರಿಸಿದರೆ ಉಷ್ಣತೆ ಹಿಡಿತಕ್ಕೆ ಬರುತ್ತದೆ. ಮುಚ್ಚಳ ಎತ್ತಿದರೆ ಸುರುಳಿಯೂ ಹೊರಬರುತ್ತದೆ, ತೊಳೆಯುವುದು ಸಲೀಸು.

ಆದ್ದರಿಂದ ಗಿರಾಕಿಗಳು ಒಡಲಿಗೆ ಥರ್ಮೋಮೀಟರು, ಸ್ಯಾಂಪಲ್ ನಲ್ಲಿ, ಗಾಜಿನ ಕಿಂಡಿ ಎಂದು ಪಟ್ಟಿ ತಂದಾಗ ನಾನು ಸಾಧ್ಯವಾದದ್ದನ್ನೆಲ್ಲ ಮುಚ್ಚಳಕ್ಕೆ ಸಾಗಿಸುತ್ತೇನೆ. ಥರ್ಮೋಮೀಟರಿನ ತುದಿಮುಚ್ಚಿದ ಕೊಳವೆ, ಅನಿಲದ ದಾರಿ, ಸುರಕ್ಷತಾ ವಾಲ್ವ್, ಸುರುಳಿ ಎಲ್ಲ ಮೇಲೆಯೇ. ಮುಚ್ಚಳವನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಬಹುದು, ಬೆಸುಗೆ ಕೆಟ್ಟರೆ ಮುಚ್ಚಳವನ್ನಷ್ಟೇ ಬದಲಿಸಬಹುದು. ಒಡಲಿಗೆ ತೂತು ಒಂದೇ, ಬಿಯರ್ ಇಳಿಸಿಕೊಳ್ಳುವ ಟಿಸಿ ಫೆರೂಲಿಗೆ. ಅದನ್ನು ಕೊರೆಯುವುದು ತಳಕ್ಕಿಂತ ತುಸು ಮೇಲೆ, ಕೆಳಗೆ ಕುಳಿತ ಯೀಸ್ಟಿನ ಗಸಿ ಲೋಟಕ್ಕೆ ಬಾರದಷ್ಟು ಎತ್ತರದಲ್ಲಿ.