ಬಂಡೆಯ ಮೇಲಣ ದೀಪಸ್ತಂಭ

ಸೊರಬ ಶಿಕಾರಿಪುರ ಸೀಮೆಗಳವರಾದ ನಾವು ಕೆರೆಯನ್ನು ಬಲ್ಲೆವು, ಏರಿಯನ್ನೂ ತೂಬನ್ನೂ ಬಲ್ಲೆವು. ಸಮುದ್ರದ ತೆರೆಯನ್ನು ಚೆನ್ನಾಗಿ ಬಲ್ಲವರು ನಮ್ಮೊಳಗೆ ಕೆಲವರೇ. ಆದರೂ ಘಟ್ಟವನ್ನಿಳಿದರೆ ಸಮುದ್ರವು ಬಹು ದೂರವಲ್ಲ. ಕಾರವಾರ ಬಂದರಿನ ಎದುರಿಗೆ ದೇವಗಡವೆಂಬ ನಡುಗಡ್ಡೆಯುಂಟು. ಘಟ್ಟದ ಮೇಲಣ ಹತ್ತಿಯು ಕಾರವಾರದಲ್ಲಿ ಹಡಗೇರಬೇಕೆಂದು ಆಗಿನ ಸರಕಾರದವರು ದಾರಿಗಳನ್ನು ಮಾಡಿಸುತ್ತಿದ್ದ ಕಾಲದಲ್ಲಿ, ಅಂದರೆ 1864ನೆಯ ಇಸವಿಯಲ್ಲಿ, ಆ ನಡುಗಡ್ಡೆಯ ಮೇಲೆ ಕಲ್ಲಿನ ದೀಪಸ್ತಂಭವು ಬೆಳಗಿತು. ಉಡುಪಿಗೆ ದಕ್ಷಿಣದಲ್ಲಿರುವ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ಸ್ತಂಭವಂತೂ ಸಮುದ್ರದಂಚಿನ ಬಂಡೆಯ ಮೇಲೆಯೇ ನಿಂತಿದೆ. ಅದರ ಎತ್ತರವು ಸುಮಾರು 90 ಅಡಿ.

ತೆರೆಗಳು ಬಡಿಯುವ ಬಂಡೆಯ ಮೇಲೆ ಕಟ್ಟಡವು ನಿಲ್ಲುವದು ಹೇಗೆ? ಈ ವಿದ್ಯೆಯನ್ನು ಮನುಷ್ಯರು ಬಹು ನಷ್ಟಪಟ್ಟು ಕಲಿತರು. ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ಸುಮಾರು 14 ಮೈಲು ದೂರದ ಸಮುದ್ರದಲ್ಲಿ ಎಡ್ಡಿಸ್ಟೋನ್ ಎಂಬ ಬಂಡೆಗಳಿವೆ. ಸಮುದ್ರವು ಉಬ್ಬಿದಾಗ ಅವು ಬಹಳ ಮಟ್ಟಿಗೆ ಮುಳುಗುವದರಿಂದ ಹಡಗುಗಳು ತಗಲಿ ಒಡೆಯುತ್ತಿದ್ದವು. ವಿನ್‌ಸ್ಟನ್ಲಿ ಎಂಬವನು 1698ರಲ್ಲಿ ಅಲ್ಲಿ ಮೊದಲನೆಯ ದೀಪವನ್ನು ಹಚ್ಚಿದನು. ಎಷ್ಟು ದೊಡ್ಡ ಬಿರುಗಾಳಿ ಬಂದರೂ ತಾನು ಅದರೊಳಗೇ ಇರಲು ಬಯಸುತ್ತೇನೆಂದು ಅವನು ಹೇಳಿದನಂತೆ. 1703ರ ನವೆಂಬರದಲ್ಲಿ ಬಿರುಗಾಳಿಯೆದ್ದ ರಾತ್ರಿ ಅವನು ಅಲ್ಲಿಯೇ ಇದ್ದನು; ಬೆಳಗಾದಾಗ ಸ್ತಂಭವೂ ಇರಲಿಲ್ಲ, ಅವನೂ ಇರಲಿಲ್ಲ. ತರುವಾಯ ಹೆಚ್ಚಾಗಿ ಮರದಿಂದ ಕಟ್ಟಿದ ಮತ್ತೊಂದು ಸ್ತಂಭವು 1755ರಲ್ಲಿ ಸುಟ್ಟುಹೋಯಿತು.

ಆಮೇಲೆ ಬಂದವನು ಜಾನ್ ಸ್ಮೀಟನ್. ದೊಡ್ಡ ಮರವೊಂದು ಬುಡದಲ್ಲಿ ಅಗಲವಾಗಿ ಹರಡಿ ಗಾಳಿಯನ್ನು ತಾಳುವದನ್ನು ಲಕ್ಷಿಸಿ, ಆತನು ಅದೇ ಆಕಾರದಲ್ಲಿ ಕಟ್ಟಿದನು. ಬಡಗಿಯು ಪೆಟ್ಟಿಗೆಯ ಮೂಲೆಯಲ್ಲಿ ಹಲಗೆಗೆ ಹಲಗೆಯನ್ನು ಕಚ್ಚಿಸುವಂತೆ ಕಲ್ಲಿಗೆ ಕಲ್ಲನ್ನು ಕಚ್ಚಿಸಿದನು. ಬಂಡೆಯನ್ನೂ ಕೊರೆದು ಕೆಳಗಣ ವರಸೆಗಳನ್ನು ಅದಕ್ಕೇ ಕಚ್ಚಿಸಿದನು. ನೀರಿನಲ್ಲಿಯೂ ಗಟ್ಟಿಯಾಗುವ ಗಾರೆಗೋಸ್ಕರ ಬಗೆಬಗೆಯ ಸುಣ್ಣಗಳನ್ನು ಪರೀಕ್ಷಿಸಿ, ಜೇಡಿಮಣ್ಣಿನ ಅಂಶವುಳ್ಳ ಸುಣ್ಣದ ಕಲ್ಲೇ ಅದಕ್ಕೆ ತಕ್ಕದ್ದೆಂದು ಕಂಡುಕೊಂಡನು. (ಸುಣ್ಣಕ್ಕೆ ಬೆಲ್ಲದ ನೀರನ್ನು ಬೆರಸಿ ಅರೆಯುತ್ತಿದ್ದ ನಮ್ಮ ಹಿರಿಯರು ಈ ಕಷ್ಟವನ್ನು ಚೆನ್ನಾಗಿ ತಿಳಿದುಕೊಳ್ಳುತ್ತಿದ್ದರು.) 1759ರ ಅಕ್ಟೋಬರ 16ರಂದು ಅಲ್ಲಿ 24 ಬತ್ತಿಗಳು ಉರಿದವು. ಒಳಗಿನ ಗೋಡೆಯ ಮೇಲೆ 127ನೆಯ ಕೀರ್ತನೆಯ ಮೊದಲಿನ ವಚನವನ್ನು ಕೆತ್ತಲಾಗಿತ್ತು.

ಲಕ್ಷ್ಯಕೊಟ್ಟು ಕೇಳತಕ್ಕ ಸಂಗತಿಯು ಇನ್ನೂ ಉಂಟು. ಸ್ತಂಭವು ನೂರು ವರುಷಗಳಿಗಿಂತ ಹೆಚ್ಚು ಕಾಲ ದೃಢವಾಗಿ ನಿಂತಿತು. ಆದರೆ ಅದರ ಕೆಳಗಣ ಬಂಡೆಯನ್ನೇ ಸಮುದ್ರವು ಕೊರೆಯುತ್ತಾ ಬಂದಿತ್ತು. ದೊಡ್ಡ ತೆರೆ ಬಡಿದಾಗ ಸ್ತಂಭವೆಲ್ಲಾ ನಡುಗುತ್ತಿತ್ತು. ಮತ್ತಾಯ 7ನೆಯ ಅಧ್ಯಾಯದಲ್ಲಿ ಎರಡು ಮನೆಗಳ ಸಾಮ್ಯವನ್ನು ಓದುವಾಗ, ಬಂಡೆಯಾದರೆ ಸಾಕು, ಅದು ಯಾವ ಬಂಡೆಯಾದರೇನು ಎಂದು ನಾವು ಎಣಿಸುವದುಂಟು. ಸಭೆಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿದೆ, ತಂದೆತಾಯಿಗಳು ದೀಕ್ಷಾಸ್ನಾನ ಹೊಂದಿದವರು, ಪಾದ್ರಿಗಳು ನಮ್ಮನ್ನು ಬಲ್ಲರು: ಇವುಗಳ ಮೇಲೆ ಕಟ್ಟಿದವರು ನಮ್ಮಲ್ಲಿ ಎಷ್ಟು ಮಂದಿ! ಗೋಡೆಯು ನಡುಗಿದಾಗ ನಾವು ಗೋಡೆಗೇ ಗಾರೆ ಬಳಿಯುತ್ತೇವೆ, ಬುಡವನ್ನು ಬಗ್ಗಿ ನೋಡುವದಿಲ್ಲ.

ಇಂಗ್ಲೆಂಡಿನವರು ಬಗ್ಗಿ ನೋಡಿದರು. 1882ರಲ್ಲಿ ಡಗ್ಲಸ್ ಎಂಬಾತನು ಪಕ್ಕದ ಗಟ್ಟಿಯಾದ ಬಂಡೆಯ ಮೇಲೆ ಹೊಸ ಸ್ತಂಭವನ್ನು ಕಟ್ಟಿ ಮುಗಿಸಿದನು. ಸ್ಮೀಟನನ ಸ್ತಂಭದ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್ತಿಗೆ ಒಯ್ದು ದಡದಲ್ಲಿ ನಿಲ್ಲಿಸಿದರು. ಅದರ ಬುಡವು ಇಂದಿಗೂ ಸಮುದ್ರದ ನಡುವೆ ಆ ಹಳೆಯ ಬಂಡೆಯ ಮೇಲೆಯೇ ಇದೆ.