ಮನೆ ಹುಡುಕುವ ಮುನ್ನ, ಶಾಲೆ ಸೇರಿಸುವ ಮುನ್ನ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಬಿಳಿಯ ಮಕ್ಕಳನ್ನೂ ಕಪ್ಪುವರ್ಣೀಯ ಮಕ್ಕಳನ್ನೂ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1954ರ ಮೇ 17ರಂದು ತೀರ್ಪಿತ್ತಿತು. 'ಬ್ರೌನ್' ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ವಾದಿಸಿದ ಥರ್ಗುಡ್ ಮಾರ್ಷಲ್ ಮುಂದೆ ಅದೇ ಕೋರ್ಟಿನ ಮೊದಲ ಕಪ್ಪುವರ್ಣೀಯ ನ್ಯಾಯಮೂರ್ತಿಯಾದರು. ತೀರ್ಪು ಬಂದಷ್ಟಕ್ಕೇ ಬಾಗಿಲು ತೆರೆಯಲಿಲ್ಲ. 1957ರಲ್ಲಿ ಲಿಟಲ್ ರಾಕ್ ನಗರದ ಒಂಬತ್ತು ಕಪ್ಪುವರ್ಣೀಯ ವಿದ್ಯಾರ್ಥಿಗಳು ಸೈನಿಕರ ಕಾವಲಿನಲ್ಲಿ ಶಾಲೆಗೆ ಹೋಗಬೇಕಾಯಿತು.

ಆ ಹೋರಾಟದ ಫಲ ನಮಗೂ ಸಿಕ್ಕಿದೆ. ಅಮೆರಿಕಕ್ಕೆ ವಲಸೆ ಬರಲು 1946ರ ಕಾಯ್ದೆ ಭಾರತೀಯರಿಗೆ ಕೊಟ್ಟದ್ದು ವರ್ಷಕ್ಕೆ ಬರೀ ನೂರು ಜನರ ಅವಕಾಶ. ಅಂಥ ಮಿತಿಗಳನ್ನು ಕಿತ್ತದ್ದು 1965ರ ವಲಸೆ ಕಾಯ್ದೆ. ಅದು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಮರುವರ್ಷ, ಕಪ್ಪುವರ್ಣೀಯರ ಅದೇ ಹೋರಾಟದ ಕಾವಿನಲ್ಲಿ ಬಂದದ್ದು. ಇಂದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಿಂದ ಬಂದಿಳಿಯುವ ಎಂಜಿನಿಯರ್ ಕುಟುಂಬವೂ ಆ ಹೋರಾಟಕ್ಕೆ ಋಣಿ.

ಕಾನೂನಿನಿಂದ ಹೋದ ಪ್ರತ್ಯೇಕತೆ ನೆಲದ ಮೇಲೆ ಉಳಿದಿದೆ. ಮಗುವಿನ ಶಾಲೆಯನ್ನು ಹೆಚ್ಚಿನ ಕಡೆ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಕಪ್ಪುವರ್ಣೀಯರ ಬಡಾವಣೆಗಳಿಗೆ ದಶಕಗಳ ಕಾಲ ಗೃಹಸಾಲವೇ ಸಿಗದಂತೆ ಮಾಡಿದ್ದರ ಫಲ ಅಲ್ಲಿನ ತರಗತಿಗಳಲ್ಲಿ ಈಗಲೂ ಕಾಣುತ್ತದೆ. ಊರು, ಕೇರಿ, ಹಟ್ಟಿ ಎಂದು ವಾಸವೇ ಹಂಚಿಹೋದ ಹಿರೇಗುಂಟನೂರು, ಹೊಸದುರ್ಗ, ಹಿರಿಯೂರು ಸೀಮೆಯವರಿಗೆ ಇದು ಬೇಗ ಅರ್ಥವಾಗಬೇಕು. 2019ರಲ್ಲಿ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಅವರನ್ನೇ, ದಲಿತರೆಂಬ ಕಾರಣಕ್ಕೆ, ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಳಗೆ ಬಿಡಲಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿ ಅಷ್ಟರಲ್ಲಿ ಸುಮಾರು ಏಳು ದಶಕ ಕಳೆದಿತ್ತು.

ಅಮೆರಿಕಕ್ಕೆ ಬಂದ ಹೊಸಬರು ಬಾಡಿಗೆ ಮನೆ ಹುಡುಕುವಾಗ ಶಾಲೆಯ ರೇಟಿಂಗ್ ಒಂದನ್ನೇ ನೋಡುವುದು ವಾಡಿಕೆ. ಅದು ಬಹುಮಟ್ಟಿಗೆ ಪರೀಕ್ಷೆಯ ಅಂಕ, ಅಂಕದ ಹಿಂದೆ ಮನೆಗಳ ವರಮಾನ. ಶಾಲೆಗೇ ಹೋಗಿ ಶಿಕ್ಷಕರನ್ನು ಮಾತಾಡಿಸುವುದು ಮೇಲು. "ಆ ಏರಿಯಾ ಸರಿಯಿಲ್ಲ" ಎಂದವರನ್ನು ಯಾಕೆ ಎಂದು ಕೇಳಲೇಬೇಕು. ಎಷ್ಟೋ ಸಲ ಉತ್ತರದಲ್ಲಿರುವುದು ಅಲ್ಲಿ ವಾಸಿಸುವವರ ಬಣ್ಣ.

ಕೇಂದ್ರದ ಅನುದಾನ ಪಡೆಯುವ ಶಾಲೆ ಜನಾಂಗ, ಬಣ್ಣ, ಮೂಲ ದೇಶ ನೋಡಿ ಭೇದ ಮಾಡುವುದನ್ನು 1964ರ ಕಾಯ್ದೆ ನಿಷೇಧಿಸುತ್ತದೆ. ಇಂಗ್ಲಿಷ್ ಬಾರದ ಮಗುವಿಗೆ ಭಾಷೆಯ ನೆರವು ಕೊಡುವುದೂ ಶಾಲೆಯ ಹೊಣೆ. ಮೈಬಣ್ಣ, ಹೆಸರು, ಊಟದ ಡಬ್ಬಿಯನ್ನು ಹಿಡಿದು ಯಾರಾದರೂ ಮಗುವನ್ನು ಹೀಯಾಳಿಸಿದರೆ ದಿನಾಂಕ ಸಮೇತ ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕು. ಕಪ್ಪುವರ್ಣೀಯ ಸಹಪಾಠಿಯ ಬಗ್ಗೆ ಮನೆಯಲ್ಲಿ ಆಡುವ ಹಗುರ ಮಾತೂ ಅಷ್ಟೇ ದೊಡ್ಡ ತಪ್ಪು.

ನಾವು ಊರಿಂದ ಹೊತ್ತು ತರುವ ಜಾತಿಭೇದವೂ ಹಾಗೆಯೇ ತಪ್ಪು. ಜಾತಿ ಆಧಾರಿತ ತಾರತಮ್ಯವನ್ನು ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ನಿಷೇಧಿಸಿತು, ಅಮೆರಿಕದ ನಗರಗಳಲ್ಲಿ ಅದೇ ಮೊದಲು. "ನೀವು ಯಾವ ಜನ?" ಎಂದು ಜಾತಿ ಕೆದಕುವ ಪ್ರಶ್ನೆಯನ್ನು ಕನ್ನಡ ಕೂಟಗಳ ಪರಿಚಯದ ಮಾತುಗಳಿಂದ ದಯವಿಟ್ಟು ಎಲ್ಲರೂ ಕೈಬಿಡಬೇಕು.