ಗಾಡಿ ಪ್ರಶ್ನೋತ್ತರ: ರೋಡ್‌ಕಿಂಗ್‌ನ ಮೈ ಇಳಿಸಬಹುದೇ?

ಪ್ರಶ್ನೆ: ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿತ್ತು. ರಿಪೇರಿ ಮಾಡಿಸಿ ರಸ್ತೆಗೆ ಇಳಿಸಿದ್ದೇನೆ. ಆದರೆ ಪುಲ್ಲಿಂಗೇ ಇಲ್ಲ ಸರ್. ಗೆಳೆಯನ ಆರ್‌ಎಕ್ಸ್ 100 ಎದುರು ಮರ್ಯಾದೆ ಹೋಗುತ್ತಿದೆ. ಮಡ್‌ಗಾರ್ಡ್, ಚೈನ್ ಕವರ್, ಒಂದು ಸೈಲೆನ್ಸರ್ ತೆಗೆದು, ಚಾಸಿಸ್ಸಿನ ಪಟ್ಟಿಗಳಿಗೆ ತೂತು ಕೊರೆಸಿದರೆ ಹಗುರಾಗುತ್ತದೆ ಅಂತಾರೆ. ಮಾಡಿಸಲೇ?
– ಪದವಿ ವಿದ್ಯಾರ್ಥಿ, ಶಿಕಾರಿಪುರ

ಉತ್ತರ: ಕೊರೆಯುವ ಯಂತ್ರ ಕೆಳಗಿಡಿ. ಮೊದಲು ಒಂದು ಲೆಕ್ಕ ನೋಡೋಣ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1978ರಿಂದ 1996ರವರೆಗೆ ತಯಾರಿಸಿದ ರೋಡ್‌ಕಿಂಗ್‌ನ ತೂಕ ಸುಮಾರು 140 ಕೆ.ಜಿ., ಶಕ್ತಿ ಸುಮಾರು 16 ಅಶ್ವಶಕ್ತಿ. ಆರ್‌ಎಕ್ಸ್ 100ರ ತೂಕ ಸುಮಾರು 100 ಕೆ.ಜಿ., ಶಕ್ತಿ 11. ಕೆ.ಜಿ.ಗೆ ಇಷ್ಟು ಎಂದು ಹಂಚಿದರೆ ಎರಡೂ ಹತ್ತಿರ ಹತ್ತಿರ ಒಂದೇ. ಇನ್ನು 70 ಕೆ.ಜಿ. ತೂಗುವ ಸವಾರ ಹತ್ತಿ ಕೂತರೆ ಲೆಕ್ಕ ರೋಡ್‌ಕಿಂಗ್ ಕಡೆಗೇ ವಾಲುತ್ತದೆ. ಅಂದಮೇಲೆ ನಿಮ್ಮ ಗಾಡಿ ಎಳೆಯುತ್ತಿಲ್ಲವೆಂದರೆ ಅದಕ್ಕೆ ಬೊಜ್ಜು ಬಂದಿಲ್ಲ, ಕಾಯಿಲೆ ಬಂದಿದೆ.

ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಹಿಂದಿನ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿ. ಒಂದು ಸುತ್ತಿಗೇ ನಿಂತುಬಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಿದೆ, ಇಲ್ಲವೇ ಬೇರಿಂಗ್ ಒಣಗಿದೆ, ಇಲ್ಲವೇ ಚೈನ್ ಬಿಗಿಯಾಗಿದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಮೂರೂ ಇದ್ದರೆ ಆಶ್ಚರ್ಯವಿಲ್ಲ. ಆಮೇಲೆ ಸೈಲೆನ್ಸರ್ ಬಿಚ್ಚಿಸಿ. ಟೂ ಸ್ಟ್ರೋಕ್ ಗಾಡಿ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತದೆ. ಅದರ ಮಸಿ ಸೈಲೆನ್ಸರಿನ ಒಳಗೊಳವೆಯಲ್ಲಿ ಗಟ್ಟಿ ಪದರವಾಗಿ ಕೂರುತ್ತದೆ. ಅದನ್ನು ಕೆರೆದು ತೆಗೆಸಿ. ಸಿಲಿಂಡರಿನಿಂದ ಹೊಗೆ ಹೊರಬರುವ ಬಾಯಿಯನ್ನೂ ಬಿಡಬೇಡಿ. ಮುಚ್ಚಿದ್ದ ಉಸಿರು ಬಿಟ್ಟಾಗ ಸಿಗುವ ಪುಲ್ಲಿಂಗ್ ಯಾವ ತೂಕ ಇಳಿಸಿದರೂ ಸಿಗದು.

ಒಂದು ಸೈಲೆನ್ಸರ್ ತೆಗೆಯುವ ಮಾತು ಮರೆತುಬಿಡಿ. ಈ ಇಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಅದು ಅಂದಕ್ಕೆ ಇಟ್ಟದ್ದಲ್ಲ. ಟೂ ಸ್ಟ್ರೋಕಿನಲ್ಲಿ ಹೊಗೆಯ ಜೊತೆ ಹೊರಗೆ ನುಗ್ಗುವ ಹೊಸ ಪೆಟ್ರೋಲ್-ಗಾಳಿಯನ್ನು ಸೈಲೆನ್ಸರಿನೊಳಗಿನ ಒತ್ತಡದ ಅಲೆ ತಡೆಯುತ್ತದೆ. ಒಂದು ಕಡೆ ಮುಚ್ಚಿದರೆ ಒಂದಷ್ಟು ಕಬ್ಬಿಣ ಉಳಿದೀತು, ಶಕ್ತಿ ಹೋದೀತು.

ತೂತಿನ ವಿಚಾರ. 3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯಲ್ಲಿ 10 ಮಿ.ಮೀ. ತೂತು ಕೊರೆದರೆ ಹೊರಬರುವ ಲೋಹ 2 ಗ್ರಾಂ ಕೂಡ ಇಲ್ಲ. ಐವತ್ತು ತೂತು ಕೊರೆದರೂ 100 ಗ್ರಾಂ ಆಗದು. ಟ್ಯಾಂಕಿನಲ್ಲಿ ಅರ್ಧ ಲೀಟರ್ ಪೆಟ್ರೋಲ್ ಕಡಿಮೆ ಇದ್ದರೆ ಅದರ ಮೂರೂವರೆ ಪಟ್ಟು ತೂಕ ಇಳಿದಿರುತ್ತದೆ! ಆದರೆ ಪ್ರತಿ ತೂತಿನ ಅಂಚೂ ಬಿರುಕು ಹುಟ್ಟುವ ಜಾಗ. ತುಕ್ಕು ತಿಂದ ಹಳೇ ಚಾಸಿಸ್, ಗುಂಡಿ ಬಿದ್ದ ರಸ್ತೆ. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮಡ್‌ಗಾರ್ಡ್ ಕತ್ತರಿಸುವ ಶೋಕಿ ಅಮೆರಿಕದ್ದು. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಲ್ಲಿನವರು ಹಾರ್ಲೆ ಡೇವಿಡ್‌ಸನ್‌ಗಳ ಮಡ್‌ಗಾರ್ಡ್ ಮೊಟಕು ಮಾಡಿ ಬಾಬರ್ ಎಂದು ಕರೆದರು. ಕ್ಯಾಲಿಫೋರ್ನಿಯಾದ ಒಣ ರಸ್ತೆಗೆ ಅದು ಸರಿ. ಜುಲೈನಲ್ಲಿ ಸೊರಬದ ಕಡೆ ಹಾಗೆ ಹೊರಟು ನೋಡಿ, ಕೆಂಪು ಮಣ್ಣು ನಿಮ್ಮ ಬೆನ್ನಿಗೂ ಕಾರ್ಬುರೇಟರಿನ ಸುತ್ತಲೂ ಮೆತ್ತಿ, ಇಳಿಸಿದ ತೂಕವನ್ನು ಮರಳಿ ಹೇರುತ್ತದೆ. ಚೈನ್ ಕವರ್ ತೆಗೆದರೂ ಇದೇ ಕತೆ, ಚೈನ್ ಬೇಗ ಸವೆಯುತ್ತದೆ.

ಹಾಗಾದರೆ ಏನು ತೆಗೆಯಬೇಕು? ಕಂಪನಿ ಕೊಟ್ಟದ್ದನ್ನು ಬಿಡಿ, ಆಮೇಲೆ ಸೇರಿಸಿದ್ದನ್ನು ತೆಗೆಯಿರಿ. ದಪ್ಪ ಲೆಗ್ ಗಾರ್ಡ್, ಹಿಂದಿನ ಕ್ಯಾರಿಯರ್, ಪಕ್ಕದ ಪೆಟ್ಟಿಗೆ, ಗ್ಯಾರೇಜಿನವರು ಬೆಸುಗೆ ಹಾಕಿಕೊಟ್ಟ ಬೇಡದ ಪಟ್ಟಿಗಳು. ಒಟ್ಟು 7 ಕೆ.ಜಿ. ಇಳಿಯಿತು ಎಂದುಕೊಳ್ಳಿ. ನೀವೂ ಸೇರಿ 210 ಕೆ.ಜಿ.ಯಲ್ಲಿ ಅದು ನೂರಕ್ಕೆ ಮೂರು ಪಾಲು ಮಾತ್ರ. ಶಿರಾಳಕೊಪ್ಪದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ನಿಮ್ಮನ್ನು ತಡೆಯುವುದು ಮುಖ್ಯವಾಗಿ ಗಾಳಿ; ತೂಕದ ವ್ಯತ್ಯಾಸ ಗೊತ್ತೇ ಆಗದು. ನಿಂತಲ್ಲಿಂದ ಹೊರಡುವಾಗ, ದೇವಿಮನೆ ಘಾಟಿ ಹತ್ತುವಾಗ ಸ್ವಲ್ಪ ಗೊತ್ತಾದೀತು.

ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಚಕ್ರಕ್ಕೆ ಮಾಡಿ. ಉಕ್ಕಿನ ರಿಮ್ ಬದಲು ಅದೇ ಅಳತೆಯ ಒಳ್ಳೆಯ ಅಲ್ಯೂಮಿನಿಯಂ ರಿಮ್. ರಿಮ್ಮಿನಂಥ ಅಂಚಿನ ತೂಕವನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು. ಹೀಗಾಗಿ ವೇಗ ಏರಿಸುವಾಗ ಅಲ್ಲಿನ ಒಂದು ಕೆ.ಜಿ. ಹೆಚ್ಚುಕಡಿಮೆ ಎರಡು ಕೆ.ಜಿ.ಗೆ ಸಮ. ಸ್ಪೋಕ್ ಕಟ್ಟಿ ಔಟ್ ತೆಗೆಯುವ ಕೈ ಮಾತ್ರ ಪಳಗಿದ್ದಾಗಿರಲಿ.

ಪ್ರಶ್ನೆ: ನನ್ನ ಆರ್‌ಎಕ್ಸ್ 100ಕ್ಕೆ ಲಿಥಿಯಂ ಬ್ಯಾಟರಿ ಹಾಕಿದರೆ ಹಗುರಾಗುತ್ತದೆಯೇ?
– ಮೊಬೈಲ್ ಅಂಗಡಿ ಮಾಲೀಕ, ಆನವಟ್ಟಿ

ಉತ್ತರ: ಆಗುತ್ತದೆ, ಆದರೆ ಬೇಡ. ಕಿಕ್ ಹೊಡೆದು ಹೊರಡುವ ಆ ಗಾಡಿಯ ಬ್ಯಾಟರಿಯೇ ಪುಟ್ಟದು. ಹಳೇ ಗಾಡಿಯ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ 15 ದಾಟಿದರೆ ಸೀಸದ ಬ್ಯಾಟರಿ ಹೇಗೋ ತಾಳಿಕೊಳ್ಳುತ್ತದೆ, ಲಿಥಿಯಂ ಹಾಳಾಗುತ್ತದೆ. 1996ಕ್ಕೇ ನಿಂತುಹೋದ ಮಾದರಿ ನಿಮ್ಮ ಕೈಲಿದೆ. ಹುಟ್ಟಿನಿಂದಲೇ ತೆಳ್ಳಗಿದೆ, ಹಾಗೇ ಇರಲಿ.

ಪ್ರಶ್ನೆ: ನನಗೆ 58. ಹಳೇ ಬುಲೆಟ್ ಬಿಡಲು ಮನಸ್ಸಿಲ್ಲ, ಡಬಲ್ ಸ್ಟ್ಯಾಂಡ್ ಹಾಕಲು ಸೊಂಟ ಕೇಳುವುದಿಲ್ಲ. ಎಷ್ಟು ತೂಕ ಇಳಿಸಿದರೆ ಸಲೀಸಾದೀತು?
– ಶಿಕ್ಷಕರು, ಸೊರಬ

ಉತ್ತರ: ಮೇಷ್ಟ್ರೇ, 160 ಕೆ.ಜಿ. ಮೀರಿದ ಗಾಡಿಯಿಂದ ಹತ್ತು ಕೆ.ಜಿ. ತೆಗೆದರೂ ಸೊಂಟಕ್ಕೆ ಅದು ತಿಳಿಯದು. ಬದಲಾಯಿಸಬೇಕಾದದ್ದು ಎತ್ತುವ ರೀತಿ. ಹಿಂದಿನ ಚಕ್ರವನ್ನು ಬೆರಳು ದಪ್ಪದ ಹಲಗೆಯ ಮೇಲೆ ಹತ್ತಿಸಿ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಹಿಡಿಕೆಯ ಮೇಲಿರಲಿ. ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ್ದು ಗೊತ್ತಾದ ಮೇಲೆ ಬಲಗಾಲಿನಲ್ಲಿ ಮೈಭಾರವನ್ನೆಲ್ಲ ಸ್ಟ್ಯಾಂಡಿನ ಮೇಲೆ ಬಿಡಿ. ಕೈ ದಾರಿ ತೋರಿಸಿದರೆ ಸಾಕು, ಎತ್ತುವುದು ಬೇಡ. ಸ್ಟ್ಯಾಂಡ್ ತಿರುಗುವ ಕೀಲಿಗೆ ಗ್ರೀಸ್ ಹಚ್ಚಿಸಿ. ಮನೆಯ ಮುಂದೆ ಸಮತಟ್ಟಾದ ಗಟ್ಟಿ ನೆಲವಿದ್ದರೆ ಸೈಡ್ ಸ್ಟ್ಯಾಂಡೇ ಸಾಕು, ಅದರಲ್ಲಿ ನಾಚಿಕೆಯೇನಿಲ್ಲ.

ಪ್ರಶ್ನೆ: ಹಳೇ ಬೈಕಿನ ಸೀರೆ ಗಾರ್ಡ್, ಹಿಂದಿನ ಹಿಡಿಕೆ ತೆಗೆಸಿದ್ದೇನೆ. ಆರ್‌ಸಿ ನವೀಕರಣಕ್ಕೆ ತೊಂದರೆಯಾದೀತೇ?
– ಅಡಿಕೆ ಬೆಳೆಗಾರ, ಚಂದ್ರಗುತ್ತಿ

ಉತ್ತರ: ಆದೀತು. 15 ವರ್ಷ ಕಳೆದ ಬೈಕಿಗೆ ಐದು ವರ್ಷಕ್ಕೊಮ್ಮೆ ನವೀಕರಣ ಬೇಕು, ಗಾಡಿಯನ್ನು ಇನ್‌ಸ್ಪೆಕ್ಟರ್ ನೋಡುತ್ತಾರೆ. ಹಿಂಬದಿಯವರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಎರಡನ್ನೂ ಗುಜರಿಗೆ ಹಾಕಿಲ್ಲ ತಾನೇ? ಹಾಕಿದ್ದರೆ ಹೊಸದು ಕೊಂಡು ಕೂರಿಸಿ. ಹಿಂದೆ ಕೂರುವ ನಿಮ್ಮ ಮನೆಯವರ ಸೆರಗು ಚಕ್ರಕ್ಕೆ ಸಿಕ್ಕದಂತೆ ಕಾಯುವುದು ಆ ಗಾರ್ಡೇ. ಇನ್ನು ಕಂಪನಿಯ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವುದಕ್ಕೆ 1988ರ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ತಿದ್ದುಪಡಿಯ ನಂತರ, ಹಾಗೆ ಮಾಡಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ವಿಧಿಸಬಹುದು.